ವಯಸ್ಸಾದ, ಕಾಯಿಲೆಯಿರುವ ತಟ್ಟು ಕುದುರೆಗೆ ಎಷ್ಟು ಕೊಡೋದು ನ್ಯಾಯ?

ತೋಟದಮನೆ (ಶಿರಸಿ):
ಎಲ್ಲರಿಗೂ ನಮಸ್ಕಾರ. ಕುದುರೆ ಸಾಕಿದವರು ಇಲ್ಲಿ ಕೆಲವರು ಇದ್ದೀರಿ ಅಂತ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ. ಕಾರವಾರ ಕಡೆಯ ಬೀಚಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓಡಾಡುವ ಒಂದು ತಟ್ಟು ಕುದುರೆ ಮಾರಾಟಕ್ಕಿದೆ. ಹೆಣ್ಣು, ಕಂದು ಬಣ್ಣ, ಹಣೆಯಲ್ಲಿ ಬಿಳಿ ಚುಕ್ಕೆ. ತುಂಬಾ ಪಾಪದ ಪ್ರಾಣಿ, ನನ್ನ ಮಗಳು ಹತ್ತಿರ ಹೋದರೆ ತಲೆ ತಗ್ಗಿಸಿ ನಿಲ್ಲುತ್ತದೆ. ಮಳೆಗಾಲಕ್ಕೆ ಮೊದಲು ಕೊಟ್ಟುಬಿಡಬೇಕು ಅಂತ ಮಾಲೀಕರ ಯೋಚನೆ. ಜೀನು, ಲಗಾಮು ಸೇರಿ 40,000 ಹೇಳಿದ್ದಾರೆ. ವಯಸ್ಸು 12 ಅಂತೆ.

ಕಣ್ಣಿಗೆ ಕಂಡದ್ದನ್ನು ಹೇಳಿಬಿಡುತ್ತೇನೆ. ಹುಲ್ಲು ತಿನ್ನುವಾಗ ಅರ್ಧ ಅಗಿದು, ಜೊಲ್ಲಿನ ಜೊತೆ ಉಂಡೆ ಮಾಡಿ ಕೆಳಗೆ ಬೀಳಿಸುತ್ತದೆ. ನಿಂತಲ್ಲಿ ಬಲ ಮುಂಗಾಲನ್ನು ಸ್ವಲ್ಪ ಮುಂದೆ ಚಾಚಿ ಭಾರ ತಪ್ಪಿಸುತ್ತದೆ. ಎಡಗಣ್ಣಲ್ಲಿ ನೀರು. ಒಣಹುಲ್ಲು ಕೊಡವಿದರೆ ಕೆಮ್ಮು. ಪಕ್ಕೆಲುಬು ದೂರದಿಂದಲೇ ಕಾಣುತ್ತದೆ.

ನಮಗೆ ದುಡಿಸೋದಕ್ಕೆ ಬೇಕಿಲ್ಲ. ತೋಟದ ಪಕ್ಕ ಬ್ಯಾಣ (ಹುಲ್ಲುಗಾವಲು) ಇದೆ, ಹಸುಗಳ ಕೊಟ್ಟಿಗೆಯಲ್ಲಿ ಒಂದು ಬದಿ ಖಾಲಿ ಇದೆ. ಮಗಳಿಗೆ 9 ವರ್ಷ, ಯಾವಾಗಾದರೊಮ್ಮೆ ಕೂತರೆ ಆಯಿತು, ಇಲ್ಲದಿದ್ದರೂ ಬೇಜಾರಿಲ್ಲ. ಮಾಲೀಕರೂ ಬಡವರೇ, ಅವರಿಗೆ ಅನ್ಯಾಯ ಆಗಬಾರದು. ಹಾಗಂತ 40,000 ಕೊಡುವಂಥದ್ದೂ ಅನ್ನಿಸುತ್ತಿಲ್ಲ. ಎಷ್ಟು ಕೊಡಬಹುದು?

ಅಂಕೋಲೆಯವ:
ಅಕ್ಕಾ, 8,000 ದಿಂದ ಶುರು ಮಾಡಿ. ಅವರು ಮಳೆ ಬರೋದರೊಳಗೆ ಮಾರಲೇಬೇಕು. ಜೂನ್ ಬಂತು ಅಂದರೆ ಬೀಚಲ್ಲಿ ಜನ ಇಲ್ಲ, ಕುದುರೆಗೆ ಕೆಲಸ ಇಲ್ಲ, ಆದರೆ ಹೊಟ್ಟೆಗೆ ಹಾಕಲೇಬೇಕು. ಸ್ವಲ್ಪ ಕಾಯಿರಿ, ಅವರೇ ಫೋನ್ ಮಾಡುತ್ತಾರೆ. ವ್ಯಾಪಾರ ಅಂದ ಮೇಲೆ ಚೌಕಾಸಿ ಇರೋದೇ ಅಲ್ವಾ.

ಕುಮಟಾ ಪಶುವೈದ್ಯ (ನಿವೃತ್ತ):
ಬೆಲೆ ಆಮೇಲೆ. ಮೊದಲು ಪ್ರಾಣಿ ಏನು ಅಂತ ತಿಳಿಯಬೇಕು. ನೀವು ಬರೆದದ್ದರಲ್ಲೇ ಅರ್ಧ ವಿಷಯ ಇದೆ ತಂಗಿ, ಚೆನ್ನಾಗಿ ನೋಡಿದ್ದೀರಿ.

12 ವರ್ಷ ಅನ್ನೋದು ನನಗೆ ನಂಬಿಕೆ ಬರುತ್ತಿಲ್ಲ. ಅಗಿದ ಹುಲ್ಲನ್ನು ಉಂಡೆ ಮಾಡಿ ಉಗುಳೋದು ದವಡೆ ಹಲ್ಲು ಕೆಟ್ಟ ಲಕ್ಷಣ. ಹಲ್ಲಿನ ಅಂಚು ಚೂಪಾಗಿ ಕೆನ್ನೆ, ನಾಲಿಗೆ ಕುಯ್ಯುತ್ತಿರಬಹುದು, ಇಲ್ಲವೇ ಹಲ್ಲೇ ಬಿದ್ದಿರಬಹುದು. ವಯಸ್ಸು ನೋಡಲು ಮೇಲಿನ ಸಾಲಿನ ಮೂಲೆಯ ಬಾಚಿಹಲ್ಲು ನೋಡಿ. ಅದರ ಹೊರಮೈಯಲ್ಲಿ ಒಂದು ಕಂದು ಗೀರು ಇರುತ್ತದೆ, ಗ್ಯಾಲ್ವೇನ್ ಗೀರು ಅಂತಾರೆ. ಸುಮಾರು 10 ವರ್ಷಕ್ಕೆ ಒಸಡಿನ ಹತ್ತಿರ ಕಾಣಿಸಿಕೊಳ್ಳುತ್ತದೆ, 15ಕ್ಕೆ ಹಲ್ಲಿನ ಅರ್ಧಕ್ಕೆ ಬರುತ್ತದೆ, 20ಕ್ಕೆ ಪೂರ್ತಿ ಉದ್ದ. ಆಮೇಲೆ ಒಸಡಿನ ಕಡೆಯಿಂದ ಮಾಯವಾಗುತ್ತಾ ಹೋಗುತ್ತದೆ. ಕರಾರುವಾಕ್ಕು ಲೆಕ್ಕ ಅಲ್ಲ, ಎರಡು ಮೂರು ವರ್ಷ ಹೆಚ್ಚುಕಮ್ಮಿ ಆಗುತ್ತದೆ. ಆದರೆ 12ಕ್ಕೂ 18ಕ್ಕೂ ವ್ಯತ್ಯಾಸ ತಿಳಿಯುತ್ತದೆ.

ಕಾಲಿನದು ದೊಡ್ಡ ಪ್ರಶ್ನೆ. ಒಂದೇ ಕಾಲು ಚಾಚುತ್ತಿದ್ದರೆ ಗೊರಸಿನಲ್ಲಿ ಕೀವು, ಇಲ್ಲವೇ ಗಂಟಿನ (ಕೀಲಿನ) ಸವೆತ, ಇಲ್ಲವೇ ಹಳೇ ಪೆಟ್ಟು ಇರಬಹುದು. ಎರಡೂ ಮುಂಗಾಲು ಮುಂದೆ ಚಾಚಿ ಹಿಂದಕ್ಕೆ ವಾಲಿ ನಿಲ್ಲುತ್ತಿದ್ದರೆ ಅದು ಲ್ಯಾಮಿನೈಟಿಸ್, ಗೊರಸಿನ ಒಳಪದರದ ಬಾವು. ಇವೆರಡಕ್ಕೂ ಅಜಗಜಾಂತರ. ಗೊರಸು ಬಿಸಿ ಇದೆಯಾ ಮುಟ್ಟಿ ನೋಡಿ, ಗೊರಸಿನ ಮೇಲುಗಡೆ ಕಾಲಿನ ಹಿಂಬದಿಯಲ್ಲಿ ನಾಡಿ ಜೋರಾಗಿ ಬಡಿಯುತ್ತಿದೆಯಾ ನೋಡಿ. ಇನ್ನೊಂದು. ವಯಸ್ಸಾದ ಕುದುರೆಗೆ ಸೆಖೆಗಾಲದಲ್ಲೂ ಉದ್ದ ಗುಂಗುರು ಕೂದಲು ಉದುರದೆ ಉಳಿದಿದ್ದರೆ ಕುಷಿಂಗ್ಸ್ ಅನ್ನೋ ಕಾಯಿಲೆ ಇರುತ್ತದೆ. 15 ದಾಟಿದವಕ್ಕೆ ಜಾಸ್ತಿ. ಅದಿದ್ದರೆ ಲ್ಯಾಮಿನೈಟಿಸ್ ಪದೇ ಪದೇ ಬರುತ್ತದೆ, ಜೀವನಪೂರ್ತಿ ದಿನಾ ಪೆರ್ಗೊಲೈಡ್ ಮಾತ್ರೆ ಬೇಕಾಗುತ್ತದೆ.

ಮತ್ತೆ, ಬರುತ್ತೇವೆ ಅಂತ ಮೊದಲೇ ತಿಳಿಸಿ ಹೋಗಬೇಡಿ. ಫಿನೈಲ್‌ಬ್ಯುಟಜೋನ್ ಅಂತ ನೋವಿನ ಔಷಧಿ ಇದೆ, ಅದನ್ನು ಕೊಟ್ಟರೆ ಕುಂಟುವ ಕುದುರೆಯೂ ನೆಟ್ಟಗೆ ನಡೆಯುತ್ತದೆ. ಈ ಮಾಲೀಕರು ಹಾಗೆ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಬೆಳಿಗ್ಗೆ ಬೇಗ ಹೋಗಿ, ಜೀನು ಹಾಕುವ ಮೊದಲು ನೋಡಿ. ಗಟ್ಟಿ ನೆಲದ ಮೇಲೆ ನಡೆಸಿ. ಮರಳಿನಲ್ಲಿ ಕುಂಟು ಅಡಗಿಕೊಳ್ಳುತ್ತದೆ.

ತೋಟದಮನೆ:
ಡಾಕ್ಟ್ರೇ, ತುಂಬಾ ಉಪಕಾರ ಆಯಿತು. ಕೂದಲು ಗಿಡ್ಡ, ನುಣುಪಾಗಿಯೇ ಇದೆ. ಚಾಚುವುದು ಬಲಗಾಲು ಮಾತ್ರ.

ಹಳೇ ಲಾಯ (ಧಾರವಾಡ):
ನಾವು ವಯಸ್ಸಾದ ಕುದುರೆಗಳನ್ನೇ ಸಾಕಿದವರು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ಎಲ್ಲರೂ ಮಾಡುವ ಲೆಕ್ಕ ಏನು? ಗಟ್ಟಿಮುಟ್ಟಾದ ಕುದುರೆಗೆ ಇಷ್ಟು, ಇದಕ್ಕೆ ಹಲ್ಲು ಸರಿ ಇಲ್ಲ, ಅಷ್ಟು ಕಳೆ. ಕಾಲು ಸರಿ ಇಲ್ಲ, ಇನ್ನಷ್ಟು ಕಳೆ. ಕೊನೆಗೆ ಉಳಿದದ್ದು ಬೆಲೆ. ಈ ಲೆಕ್ಕದಲ್ಲಿ ಒಂದು ದೊಡ್ಡ ತೊಂದರೆ ಇದೆ. ಕೆಲವು ದೋಷಕ್ಕೆ ದುಡ್ಡು ಕಳೆಯಬಹುದು. ಕೆಲವು ದೋಷ ಇದ್ದರೆ ಪುಕ್ಕಟೆ ಕೊಟ್ಟರೂ ತರಬಾರದು.

ಹಲ್ಲು ಅರ ಹಾಕಿ ಸರಿ ಮಾಡಬಹುದು, ಆಮೇಲೆ ನೆನೆಸಿದ ಮೇವು ಕೊಟ್ಟರೆ ಮೈ ತುಂಬಿಕೊಳ್ಳುತ್ತದೆ. ಕೆಮ್ಮಿಗೆ ಧೂಳಿಲ್ಲದ ಹುಲ್ಲು, ಗಾಳಿಯಾಡುವ ಜಾಗ ಸಾಕಾಗಬಹುದು. ಗಂಟಿನ ಸವೆತ ವಾಸಿಯಾಗೋದಿಲ್ಲ, ಆದರೆ ಕೆಲಸ ಇಲ್ಲದೆ ಬ್ಯಾಣದಲ್ಲಿ ಓಡಾಡಿಕೊಂಡು ಇರಬಲ್ಲದು. ಇವೆಲ್ಲ ಬೆಲೆ ಕಡಿಮೆ ಮಾಡುವ ದೋಷ. ಗೊರಸಿನೊಳಗಿನ ಮೂಳೆ ತಿರುಗಿದ ಲ್ಯಾಮಿನೈಟಿಸ್, ಅಥವಾ ಅಂಟುರೋಗ, ಇವು ಬಂದರೆ ಬೆಲೆ ಮಾತಾಡಲೇಬೇಡಿ. ವಾಪಸ್ ಬನ್ನಿ. ಎಷ್ಟೇ ಕನಿಕರ ಇದ್ದರೂ.

ಇನ್ನು ತಿಂಗಳ ಖರ್ಚು. ನಮ್ಮ ಕಡೆ ಒಂದು ಸಣ್ಣ ಕುದುರೆಗೆ ಮೇವು, ಬೂಸಾ, ಗೊರಸು, ಔಷಧಿ ಎಲ್ಲಾ ಸೇರಿ ತಿಂಗಳಿಗೆ 6,000 ದಿಂದ 7,000 ಬೀಳುತ್ತದೆ. ನಿಮ್ಮಲ್ಲಿ ಹಸಿ ಹುಲ್ಲು ಇದೆ, ಕಡಿಮೆ ಆಗಬಹುದು. ಆದರೂ ವರ್ಷಕ್ಕೆ 50,000 ಮೀರುತ್ತದೆ. ಚೆನ್ನಾಗಿ ನೋಡಿಕೊಂಡರೆ ತಟ್ಟು ಕುದುರೆ 25, 30 ವರ್ಷ ಬದುಕುತ್ತದೆ. ಹಾಗಾಗಿ ನೀವು ತರುತ್ತಿರುವುದು 10,000 ರೂಪಾಯಿಯ ಪ್ರಾಣಿಯನ್ನೂ ಅಲ್ಲ, 40,000 ರೂಪಾಯಿಯದ್ದನ್ನೂ ಅಲ್ಲ. ಲಕ್ಷಗಟ್ಟಲೆಯ ಜವಾಬ್ದಾರಿ. ಅದರ ಎದುರು ಅಂಕೋಲೆಯವರು ಹೇಳಿದ ಹಾಗೆ ಎರಡು ಸಾವಿರ, ಮೂರು ಸಾವಿರಕ್ಕೆ ಜಗ್ಗಾಡಿ ಮಾಲೀಕರನ್ನು ಸುಸ್ತು ಮಾಡೋದು ನನಗೆ ಸರಿ ಕಾಣುವುದಿಲ್ಲ.

ಮುರ್ಡೇಶ್ವರ ಹುಡುಗ:
ನಾನು ಬೀಚಲ್ಲಿ ಕುದುರೆ ಇಟ್ಟುಕೊಂಡ ಮನೆಯವನೇ. ಇಲ್ಲಿ ನಮ್ಮ ಮಾತೂ ಸ್ವಲ್ಪ ಕೇಳಿ. ಅಪ್ಪ ಬೆಳಗಾವಿ ಕಡೆಯಿಂದ ಕುದುರೆ ತರುತ್ತಿದ್ದರು. ದಸರಾ ರಜೆಯಿಂದ ಮೇ ತಿಂಗಳವರೆಗೆ ದುಡಿಮೆ. ಅದರಲ್ಲೂ ಶನಿವಾರ, ಭಾನುವಾರ, ಕ್ರಿಸ್‌ಮಸ್ ರಜೆ ಅಷ್ಟೇ ಕೈಗೆ ಕಾಸು. ಮಳೆಗಾಲ ನಾಲ್ಕು ತಿಂಗಳು ಪೂರ್ತಿ ಕೈಯಿಂದ. ಅದೇ ಕುದುರೆ ನಮ್ಮ ಶಾಲೆ ಫೀಸ್ ಕಟ್ಟಿದ್ದು. ಅದಕ್ಕೇ 40,000 ಅಂತಾರೆ ಆ ಮಾಲೀಕರು, ಸುಳ್ಳು ಹೇಳಿ ದೋಚೋದಕ್ಕಲ್ಲ. ಅವರು ಕೊಟ್ಟು ತಂದದ್ದು ಅದಕ್ಕಿಂತ ಜಾಸ್ತಿ ಇರಬಹುದು.

ಇನ್ನೊಂದು ವಿಷಯ ಅಕ್ಕನಿಗೆ ಗೊತ್ತಿರಲಿ. ಸೀಸನ್ ಮುಗಿಯುವಾಗ ದಲ್ಲಾಳಿಗಳು ಬರುತ್ತಾರೆ. ಹಲ್ಲು ನೋಡೋದಿಲ್ಲ, ಕಾಲು ನೋಡೋದಿಲ್ಲ, ಕೈಗೆ 12,000, 15,000 ಇಟ್ಟು ಗಾಡಿ ಹತ್ತಿಸಿಕೊಂಡು ಹೋಗುತ್ತಾರೆ. ಮತ್ತೆ ಆ ಕುದುರೆ ಗಾಡಿ ಎಳೆಯೋದಕ್ಕೋ ಮದುವೆ ಮೆರವಣಿಗೆಗೋ ಹೋಗುತ್ತದೆ. ನೀವು 8,000 ಅಂದರೆ ಅವರು ದಲ್ಲಾಳಿಗೇ ಕೊಡುತ್ತಾರೆ. ತಪ್ಪು ಅನ್ನೋದಕ್ಕೂ ಆಗೋದಿಲ್ಲ, ಮನೆಯಲ್ಲಿ ಅಕ್ಕಿ ಬೇಕಲ್ಲ.

ಕುಮಟಾ ಪಶುವೈದ್ಯ:
ತಮ್ಮ, ನೀನು ಹೇಳಿದ್ದು ನಿಜ. ಆದರೆ ಒಂದು ಮಾತು ಸೇರಿಸಬೇಕು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಸ್ಪಷ್ಟವಾಗಿ ಇದೆ. ವಯಸ್ಸು, ರೋಗ, ಗಾಯ, ನಿಶ್ಶಕ್ತಿಯಿಂದ ಕೆಲಸಕ್ಕೆ ಆಗದ ಪ್ರಾಣಿಯನ್ನು ದುಡಿಸುವುದು ಅಪರಾಧ, ದುಡಿಸಲು ಬಿಡುವುದೂ ಅಪರಾಧ. ಕುಂಟುವ ಕುದುರೆಯ ಮೇಲೆ ಪ್ರವಾಸಿಗರನ್ನು ಕೂರಿಸೋದು ಇದರಲ್ಲೇ ಬರುತ್ತದೆ. ಹಾಗಾಗಿ ಈ ಪ್ರಾಣಿಗೆ 'ದುಡಿಯುವ ಕುದುರೆ' ಅನ್ನೋ ಬೆಲೆ ಕಟ್ಟುವ ಹಾಗೇ ಇಲ್ಲ. ದಲ್ಲಾಳಿ ಕೊಡುವ 15,000 ಅದನ್ನು ಮತ್ತೆ ದುಡಿಸುವ ಲೆಕ್ಕದ್ದು.

ಮುರ್ಡೇಶ್ವರ ಹುಡುಗ:
ಕಾಯ್ದೆ ಸರಿ ಸರ್. ದುಡಿಸಬೇಡಿ ಅಂತ ನಾನೂ ಹೇಳುತ್ತೇನೆ, ನಮ್ಮಲ್ಲೂ ಈಗ ಹಳೇ ಕುದುರೆ ಇಲ್ಲ. ಆದರೆ ದುಡಿಸದೆ ಸಾಕುವ ಶಕ್ತಿ ಇರುವವರು ಒಂದು ಮನೆ ಕೇಳುತ್ತಿದ್ದಾರೆ ಅಂದರೆ, ದಲ್ಲಾಳಿಗಿಂತ ಒಂದು ರೂಪಾಯಿಯಾದರೂ ಜಾಸ್ತಿ ಕೊಟ್ಟು ಅದನ್ನು ತಪ್ಪಿಸಲಿ ಅನ್ನೋದು ನನ್ನ ಆಸೆ.

ಕಡಲ ಗಾಳಿ (ಕಾರವಾರ):
ಇದಕ್ಕೆ ನನ್ನ ವಿರೋಧ ಇದೆ. ದಲ್ಲಾಳಿಗಿಂತ ಜಾಸ್ತಿ ಕೊಡುತ್ತಾ ಹೋದರೆ ಕಾಯಿಲೆ ಕುದುರೆಗೆ ಒಂದು ಮಾರುಕಟ್ಟೆ ಹುಟ್ಟುತ್ತದೆ. ಆ ದುಡ್ಡಲ್ಲಿ ಇನ್ನೊಂದು ಕುದುರೆ ತಂದು ಮತ್ತೆ ಅದನ್ನೂ ಸವೆಸುತ್ತಾರೆ. ಅಕ್ಕ ಕೊಳ್ಳುವುದಾದರೆ ಒಂದು ಮಾತು ಕೇಳಿ ನೋಡಿ, ಅವರು ಮುಂದೆ ಏನು ಮಾಡುತ್ತಾರೆ ಅಂತ. ಕುದುರೆ ಕೆಲಸ ಬಿಡುವವರಾದರೆ ಒಳ್ಳೇ ಬೆಲೆ ಕೊಡಿ. ಇಲ್ಲದಿದ್ದರೆ ಯೋಚಿಸಿ.

ತೋಟದಮನೆ:
ಕೇಳಿದ್ದೇನೆ. ಅವರಿಗೇ ಮಂಡಿ ನೋವು, ಮರಳಲ್ಲಿ ಕುದುರೆ ಹಿಡಿದು ನಡೆಯೋದಕ್ಕೆ ಆಗುತ್ತಿಲ್ಲ. ಮಗ ಗೋವಾದಲ್ಲಿ ಕೆಲಸಕ್ಕೆ ಸೇರಿದ್ದಾನೆ. ಇದು ಅವರ ಕೊನೇ ಕುದುರೆ.

ಲಾಳದ ಕೆಲಸ (ಹಳಿಯಾಳ):
ಜೀನು ಬೇಡ ಅನ್ನಿ. ಬೀಚಿನ ಜೀನು ನಿಮಗೆ ಏನೂ ಉಪಯೋಗಕ್ಕೆ ಬರೋದಿಲ್ಲ, ಬೆನ್ನು ಸೊರಗಿದ ಕುದುರೆಗೆ ಅದು ಹುಣ್ಣು ಮಾಡುತ್ತದೆ. ಅದನ್ನು ಅವರೇ ಇಟ್ಟುಕೊಂಡು ಬೇರೆ ಕುದುರೆಯವರಿಗೆ ಮಾರಲಿ, ನಾಲ್ಕೈದು ಸಾವಿರ ಬಂದೇ ಬರುತ್ತದೆ. ಅವರ ಕೈಗೆ ಸೇರುವ ಒಟ್ಟು ದುಡ್ಡು ಜಾಸ್ತಿ ಆಯಿತು, ನಿಮ್ಮ ಕೈಯಿಂದ ಹೋಗುವುದು ಕಡಿಮೆ ಆಯಿತು. ಜೀವದ ಬೆಲೆ ಬೇರೆ, ಸಾಮಾನಿನ ಬೆಲೆ ಬೇರೆ ಮಾತಾಡಿ. ಸೇರಿಸಿ ಹೇಳುವಾಗಲೇ ಗೊಂದಲ ಆಗೋದು.

ಅಂಕೋಲೆಯವ:
ಜೀನಿನ ಲೆಕ್ಕ ಸರಿ ಇದೆ. ನಾನು 8,000 ಅಂದದ್ದು ಮಾತು ಶುರು ಮಾಡೋದಕ್ಕೆ, ಅಲ್ಲಿಗೇ ನಿಲ್ಲಿಸಿ ಅಂತಲ್ಲ. 15,000ದ ಹತ್ತಿರ ಮುಗಿದರೆ ಯಾರಿಗೂ ಮೋಸ ಇಲ್ಲ ಅನ್ನಿಸುತ್ತದೆ.

ಕುಮಟಾ ಪಶುವೈದ್ಯ:
ದುಡ್ಡು ಕೊಡುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಎರಡು ರೋಗಕ್ಕೆ. ಒಂದು ಸರ್ರಾ. ಕುದುರೆ ನೊಣ ಕಚ್ಚಿ ಹರಡುತ್ತದೆ. ಬಿಟ್ಟು ಬಿಟ್ಟು ಜ್ವರ, ಕಾಲು ಮತ್ತು ಹೊಟ್ಟೆಯಡಿ ನೀರು ತುಂಬಿದ ಬಾವು, ತಿಂದರೂ ಸೊರಗೋದು. ಚಿಕಿತ್ಸೆ ಇದೆ. ಪಕ್ಕೆಲುಬು ಕಾಣುವುದಕ್ಕೆ ಹಲ್ಲೊಂದೇ ಕಾರಣ ಅಂದುಕೊಂಡು ಸುಮ್ನೆ ಇರಬೇಡಿ.

ಇನ್ನೊಂದು ಗ್ಲಾಂಡರ್ಸ್. ಇದು ಮನುಷ್ಯರಿಗೂ ಹರಡುವ ರೋಗ, ಮನೆಯಲ್ಲಿ ಮಗು ಇದೆ ಅಂತ ಒತ್ತಿ ಹೇಳುತ್ತಿದ್ದೇನೆ. ಬಂದ ಪ್ರಾಣಿಗೆ ಚಿಕಿತ್ಸೆ ಕೊಡುವ ಹಾಗಿಲ್ಲ, ಕಾನೂನಿನ ಪ್ರಕಾರ ದಯಾಮರಣವೇ. ಸರ್ಕಾರಿ ಪಶು ಆಸ್ಪತ್ರೆಯ ಮೂಲಕ ರಕ್ತದ ಮಾದರಿ ಕಳಿಸಿ. ದೇಶದಲ್ಲಿ ಇದಕ್ಕೆ ಮುಖ್ಯ ಪ್ರಯೋಗಾಲಯ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ. ಫಲಿತಾಂಶ ಬರುವವರೆಗೆ ಕುದುರೆ ಅಲ್ಲೇ ಇರಲಿ. ಮುಂಗಡ ಕೊಡಿ, ಮೇವಿನ ಖರ್ಚು ಬೇಕಾದರೆ ಕೊಡಿ, ಪೂರ್ತಿ ದುಡ್ಡು ಬೇಡ.

ತೋಟದಮನೆ:
ಮಾಹಿತಿ ತಂದಿದ್ದೇನೆ. ಡಾಕ್ಟರೊಬ್ಬರನ್ನು ಕರೆದುಕೊಂಡು ಬೆಳಿಗ್ಗೆಯೇ ಹೋಗಿದ್ದೆವು.

ಗೀರು ಹಲ್ಲಿನ ಮುಕ್ಕಾಲು ಭಾಗಕ್ಕೆ ಬಂದಿದೆ. 17, 18 ಇರಬಹುದು ಅಂದರು. ಮಾಲೀಕರು ಒಪ್ಪಿಕೊಂಡರು, 'ನನಗೆ ಕೊಟ್ಟವನು ಹೇಳಿದ್ದನ್ನೇ ನಾನು ನಿಮಗೆ ಹೇಳಿದೆ ತಾಯಿ' ಅಂದರು. ಅವರ ಮುಖ ನೋಡಿದರೆ ಸುಳ್ಳು ಅನ್ನಿಸಲಿಲ್ಲ. ಬಾಯಿಗೆ ಬ್ಯಾಟರಿ ಹಿಡಿದಾಗ ಎಡಗಡೆ ಕೆಳಗಿನ ಒಂದು ದವಡೆ ಹಲ್ಲು ಇಲ್ಲ, ಅದರ ಎದುರಿನ ಮೇಲಿನ ಹಲ್ಲು ಉದ್ದ ಬೆಳೆದು ಒಸಡಿಗೆ ಚುಚ್ಚುತ್ತಿದೆ. ಪಾಪ, ಕೆನ್ನೆ ಒಳಗೆ ಹುಣ್ಣು. ಕಾಲು ಮಡಚಿ ಹಿಡಿದು ಬಿಟ್ಟು ನಡೆಸಿದಾಗ ಬಲಗಾಲು ಕುಂಟಿತು. ಗೊರಸಿನ ಮೇಲಿನ ಗಂಟು ಉಬ್ಬಿದೆ, ಹಳೇ ಸವೆತ ಅಂದರು. ಗೊರಸು ಇಕ್ಕಳದಲ್ಲಿ ಒತ್ತಿದರೆ ನೋವಿಲ್ಲ, ಲ್ಯಾಮಿನೈಟಿಸ್ ಲಕ್ಷಣ ಕಾಣಲಿಲ್ಲ. ಕಣ್ಣಲ್ಲಿ ಹಳೇ ಕಲೆ, ಆ ಕಡೆ ಮಂಜು ಮಂಜಾಗಿ ಕಾಣುತ್ತದಂತೆ. ರಕ್ತ ತೆಗೆದರು.

ಟೇಪಿನಿಂದ ಅಳೆದೆವು. ಎದೆಯ ಸುತ್ತಳತೆ 140 ಸೆಂ.ಮೀ., ಎದೆಯಿಂದ ಪೃಷ್ಠದವರೆಗೆ 130 ಸೆಂ.ಮೀ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,877ರಿಂದ ಭಾಗಿಸಬೇಕಂತೆ. ಸುಮಾರು 215 ಕೆ.ಜಿ. ಬಂತು.

ಬೆಲೆಗೆ ನಾನು ಹೀಗೆ ಹೇಳಿದೆ: ಜೀನು, ಲಗಾಮು ನೀವೇ ಇಟ್ಟುಕೊಳ್ಳಿ. ಕುದುರೆಗೆ 16,000. 4,000 ಈಗ, ಉಳಿದದ್ದು ರಕ್ತದ ಫಲಿತಾಂಶ ಬಂದ ದಿನ. ರೋಗ ಇದೆ ಅಂತ ಬಂದರೆ ಮುಂಗಡ ವಾಪಸ್ ಕೇಳೋದಿಲ್ಲ. ಗಾಡಿ ಬಾಡಿಗೆ ನಮ್ಮದು. ಅವರು 18,000 ಕೇಳಿದರು. ನನಗೆ ಎಳೆಯೋದಕ್ಕೆ ಮನಸ್ಸಾಗಲಿಲ್ಲ, ಆದರೆ ಹಲ್ಲಿನ ಖರ್ಚು, ಎಕ್ಸ್-ರೇ ಖರ್ಚು ಎಲ್ಲಾ ಬಿಡಿಸಿ ಹೇಳಿದೆ. 16,000ಕ್ಕೆ ಒಪ್ಪಿದರು. ಯಾವಾಗ ಬೇಕಾದರೂ ಬಂದು ನೋಡಬಹುದು, ನಾವು ಇದನ್ನು ಇನ್ನೊಬ್ಬರಿಗೆ ಮಾರೋದಿಲ್ಲ, ಇವೆರಡನ್ನೂ ಛಾಪಾ ಕಾಗದದಲ್ಲಿ ಬರೆಸುತ್ತಿದ್ದೇವೆ. ಎರಡನೇದು ಅವರೇ ಕೇಳಿದ್ದು.

ಹಳೇ ಲಾಯ:
ನ್ಯಾಯವಾದ ಬೆಲೆ. ದಲ್ಲಾಳಿಗಿಂತ ಮೇಲೆ, ನಿಮ್ಮ ಶಕ್ತಿಯ ಒಳಗೆ, ಎಲ್ಲಾ ದೋಷವೂ ಎರಡೂ ಕಡೆಯವರಿಗೆ ತಿಳಿದ ಮೇಲೆ ಆದ ಮಾತು. ಎಕ್ಸ್-ರೇಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಇನ್ನೂ 20,000 ಬೇರೆ ಎತ್ತಿಡಿ. ಹೊಟ್ಟೆಶೂಲೆ ಯಾವ ರಾತ್ರಿ ಬರುತ್ತದೆ ಅಂತ ಹೇಳೋದಕ್ಕಾಗೋದಿಲ್ಲ, ಕುದುರೆಗೆ ವಾಂತಿ ಮಾಡಲು ಬರೋದಿಲ್ಲ, ಬೇಗ ಕೈ ಮೀರುತ್ತದೆ.

ಕಡಲ ಗಾಳಿ:
ಹೊಟ್ಟೆಶೂಲೆ ಅಂದಾಗ ನೆನಪಾಯಿತು. ಬೀಚಿನ ಕುದುರೆ, ಮರಳ ಮೇಲೆ ಹಾಕಿದ ಹುಲ್ಲು ತಿಂದಿರುತ್ತದೆ, ಕರುಳಲ್ಲಿ ಮರಳು ಕೂತಿರಬಹುದು. ಬಕೆಟ್ ನೀರಲ್ಲಿ ಒಂದಿಷ್ಟು ಲದ್ದಿ ಉಂಡೆ ಕಲಕಿ ಬಿಡಿ, ತಳದಲ್ಲಿ ಮರಳು ನಿಲ್ಲುತ್ತದಾ ನೋಡಿ. ಇದ್ದರೆ ಡಾಕ್ಟರಿಗೆ ತಿಳಿಸಿ. ಇಸಬ್‌ಗೋಲ್ ಕೊಡುತ್ತಾರೆ, ಪ್ರಮಾಣ ಅವರನ್ನೇ ಕೇಳಿ.

ತೋಟದಮನೆ:
ಮಾಡಿ ನೋಡಿದೆವು. ಒಂದು ಚಮಚದಷ್ಟು ಕಪ್ಪು ಮರಳು ನಿಂತಿತ್ತು! ಡಾಕ್ಟರಿಗೆ ಹೇಳಿದ್ದೇನೆ. ರಕ್ತದ ಫಲಿತಾಂಶವೂ ಬಂತು. ಎರಡೂ ಇಲ್ಲ. ಉಳಿದ 12,000 ಕೊಟ್ಟು ಬಂದೆವು. ವಾರದ ಕೊನೆಗೆ ದೇವಿಮನೆ ಘಟ್ಟ ಹತ್ತಿಸಿ ತರುತ್ತೇವೆ. ಹಸು ಸಾಕಿದ ಮನೆ ನಮ್ಮದು, ಕುದುರೆಗೆ ಹೊಸಬರು. ಏನು ಎಚ್ಚರ?

ಕುಮಟಾ ಪಶುವೈದ್ಯ:
ಬಹಳ ಸಂತೋಷ. ಹಸುವಿನ ಮನೆಯವರಿಗೆ ಎರಡು ಮುಖ್ಯ ಎಚ್ಚರ. ಹಸುವಿನ ಮೈಯ ಉಣುಗಿಗೆ ಹಚ್ಚುವ ಅಮಿಟ್ರಾಜ್ ಕುದುರೆಗೆ ಹಚ್ಚಬೇಡಿ, ಕರುಳಿನ ಚಲನೆ ನಿಂತು ಶೂಲೆ ಬರುತ್ತದೆ. ಕೆಲವು ಪಶು ಆಹಾರ, ಕೋಳಿ ಆಹಾರದಲ್ಲಿ ಮೊನೆನ್ಸಿನ್ ಅನ್ನೋ ಔಷಧಿ ಸೇರಿಸಿರುತ್ತಾರೆ, ಹಸುವಿಗೆ ಏನೂ ಆಗದ ಪ್ರಮಾಣವೇ ಕುದುರೆಯ ಹೃದಯಕ್ಕೆ ವಿಷ. ಹಸುವಿನ ಬಕೆಟ್ಟಿಗೆ ಬಾಯಿ ಹಾಕದ ಹಾಗೆ ಕಟ್ಟಿ.

ಭತ್ತದ ಒಣಹುಲ್ಲು ಈ ಹಲ್ಲಿಗೆ ಆಗೋದಿಲ್ಲ, ಅಗಿಯದೆ ನುಂಗಿದರೆ ಕರುಳಲ್ಲಿ ಕಟ್ಟಿಕೊಳ್ಳುತ್ತದೆ. ಎಳೇ ಹಸಿಹುಲ್ಲು ಕೊಯ್ದು ಸಣ್ಣಗೆ ಕೊಚ್ಚಿ, ಗೋಧಿ ಬೂಸಾ, ಬೇಯಿಸಿದ ಹುರುಳಿ ಸ್ವಲ್ಪ, ನೀರಲ್ಲಿ ಕಲಸಿ ಕೊಡಿ. ಬದಲಾವಣೆ ನಿಧಾನವಾಗಿ, ಒಂದೆರಡು ವಾರ ಹಿಡಿಯಲಿ. ಮಳೆಗಾಲದಲ್ಲಿ ಬೂಸ್ಟು ಹಿಡಿದ ಕರಡ (ಬ್ಯಾಣದ ಒಣಹುಲ್ಲು) ಒಂದು ಹಿಡಿಯೂ ಬೇಡ, ಕೆಮ್ಮು ದಮ್ಮಾಗುತ್ತದೆ. ಧನುರ್ವಾಯು ಲಸಿಕೆ ಬಂದ ಕೂಡಲೇ ಹಾಕಿಸಿ. ಮಗಳನ್ನು ಈಗಲೇ ಕೂರಿಸಬೇಡಿ. ಆರೋಗ್ಯವಂತ ಕುದುರೆಗೇ ತನ್ನ ತೂಕದ ಐದನೇ ಒಂದು ಪಾಲಿಗಿಂತ ಹೆಚ್ಚು ಹೊರಿಸಬಾರದು ಅಂತಾರೆ. ಈ ಕಾಲಿಗೆ ಅದೂ ಜಾಸ್ತಿ. ಮೈ ತುಂಬಲಿ, ಎಕ್ಸ್-ರೇ ಆಗಲಿ, ಆಮೇಲೆ ನೋಡೋಣ. ಅಲ್ಲಿಯವರೆಗೆ ಹಗ್ಗ ಹಿಡಿದು ಜೊತೆಗೆ ನಡೆಯಲಿ.

ಮುರ್ಡೇಶ್ವರ ಹುಡುಗ:
ಅಕ್ಕಾ, ಅಪ್ಪನಿಗೆ ಓದಿ ಹೇಳಿದೆ. ಘಟ್ಟದಲ್ಲಿ ಗಾಡಿ ನಿಧಾನ ಇರಲಿ, ಕುಂಟು ಕಾಲಿಗೆ ತಿರುವಿನಲ್ಲಿ ಭಾರ ಬೀಳುತ್ತದೆ, ಗಾಡಿಯಲ್ಲಿ ಮರಳೋ ಹೊಟ್ಟೋ ದಪ್ಪಗೆ ಹಾಸಿ ಅಂದರು. ಹಳೇ ಮಾಲೀಕರು ಗಾಡಿ ಹತ್ತಿಸುವಾಗ ಜೊತೆಗಿರಲಿ, ಪರಿಚಯದವರು ಇದ್ದರೆ ಬೇಗ ಹತ್ತುತ್ತದೆ.

ತೋಟದಮನೆ:
ಅವರೇ ಶಿರಸಿವರೆಗೂ ಬರುತ್ತೇನೆ ಅಂದಿದ್ದಾರೆ. ಲಾಳದ ಅಣ್ಣಾ, ಈಗಿರುವ ಲಾಳ ಹಾಗೇ ಇರಲಾ, ಬಿಚ್ಚಿಸಬೇಕಾ?

ಲಾಳದ ಕೆಲಸ:
ಬ್ಯಾಣದ ಮೆತ್ತನೆ ನೆಲಕ್ಕೆ ಲಾಳ ಬೇಡ. ಬಂದ ಎರಡು ಮೂರು ದಿನ ಸುಧಾರಿಸಿಕೊಳ್ಳಲಿ, ಆಮೇಲೆ ಬಿಚ್ಚಿ ಗೊರಸು ಸಮ ಮಾಡೋಣ. ಆರರಿಂದ ಎಂಟು ವಾರಕ್ಕೊಮ್ಮೆ ಕೆತ್ತಿಸಬೇಕಾಗುತ್ತದೆ. ಅಲ್ಲಿಯವರೆಗೆ ದಿನಾ ಗೊರಸಿನ ತಳ ಕೆರೆದು ಒಣಗಿಸಿ, ಮಳೆಯಲ್ಲಿ ಕೊಳೆತು ವಾಸನೆ ಬಂದರೆ ತಡ ಮಾಡದೆ ಹೇಳಿ. ಮುಂದಿನ ವಾರ ಯಲ್ಲಾಪುರಕ್ಕೆ ಬರುವ ಕೆಲಸ ಇದೆ, ನಿಮ್ಮಲ್ಲಿಗೂ ಬಂದು ಹೋಗುತ್ತೇನೆ.